ಚರ್ಚಿನ ಗೋಡೆ ಪಕ್ಕದ ಒಂಬತ್ತನೇ ಜಾಗ

ಥರ್ಜಾ ಆಲ್ಡರ್ಸನ್ನಳ ಮುತ್ತಜ್ಜ ಈನಕ್, ಸೀಸದ ಅದಿರು ಹೊತ್ತ ಹದಿನಾರು ಕುದುರೆಗಳನ್ನು ಮೊಣಕಾಲುದ್ದ ಹಿಮದಲ್ಲಿ ಗುಡ್ಡ ದಾಟಿಸಿದವನು. ಅಜ್ಜ ಜೇಬೆಜ್, ಹನಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ನಮ್ಮ ಹಾರ್ಕರ್‌ಬಿಯ ಅರ್ಧ ಗೋಡೆಗಳನ್ನು ಎಬ್ಬಿಸಿದವನು. ಅಪ್ಪ ಏಮಸ್, ಹೊಳೆ ಉಕ್ಕಿದಾಗ ಎದೆಮಟ್ಟ ನೀರಿಗಿಳಿದು ನಲವತ್ತು ಕುರಿಗಳನ್ನು ದಡಕ್ಕೆ ಹೊತ್ತವನು.

ಥರ್ಜಾ ಮದುವೆಯಾಗಿ ದೂರದ ಗಿರಣಿ ಪಟ್ಟಣ ಸೇರಿದಳು. ಹುಟ್ಟೂರು ಹಾರ್ಕರ್‌ಬಿಯಲ್ಲಿ ಮನೆ ಉಳಿಯಲಿಲ್ಲ. ಅದಕ್ಕೇ ಪ್ರತಿ ಮೇ ತಿಂಗಳು ಗಂಡ ವಿಲ್ಫ್‌ನೊಂದಿಗೆ ಕ್ಯಾರವಾನನ್ನು, ಅಂದರೆ ಆ ಗಾಲಿಯ ಮನೆಯನ್ನು, ಕಾರಿಗೆ ಕಟ್ಟಿಕೊಂಡು ಬರುವಳು. ಚರ್ಚಿನ ಹಿಂದಿನ ಹುಲ್ಲುಗಾವಲಿನಲ್ಲಿ ಅಂಥ ಹನ್ನೆರಡು ಬಂಡಿ, ಐದಾರು ಡೇರೆ ಹಿಡಿಸುತ್ತವೆ. ವರ್ಷವರ್ಷ ಬರುವ ನಾವೂ ಅಲ್ಲೇ ತಂಗುವವರು. ಮೂಲೆಯ ಒಂಬತ್ತನೇ ಜಾಗ ಅವರದು. ಅಲ್ಲಿ ಬಾಗಿಲು ತೆರೆದರೆ ಗಿಡ್ಡ ಗೋಡೆಯಾಚೆ ಅವಳ ಅಪ್ಪ ಅಮ್ಮನ ಸಮಾಧಿ ಕಾಣುತ್ತದೆ.

ಕಳೆದ ಚಳಿಗಾಲ ವಿಲ್ಫ್ ತೀರಿಕೊಂಡ. ಈ ಮೇ ತಿಂಗಳಲ್ಲಿ ಎಪ್ಪತ್ತೊಂದರ ಥರ್ಜಾ ಒಬ್ಬಳೇ ಬಂದಿಳಿದಳು. ಜಾಗ ನೋಡಿಕೊಳ್ಳುವ ಕ್ಲೆಮ್ ಓಡಿಬಂದ.

"ತಾಯೀ, ಗೇಟಿನ ಹತ್ರ ಅಗಲವಾದ ಜಾಗ ಇಟ್ಟಿದೀನಿ. ನೇರ ನುಗ್ಗಿಸಿದ್ರೆ ಮುಗೀತು."

"ಒಂಬತ್ತಕ್ಕೆ ಏನು ಬಂತು ರೋಗ?"

"ಹೋದ ವರ್ಷ ಒಬ್ಬ ಬಂಡಿ ಗುದ್ದಿ ಗೋಡೆಯ ನಾಲ್ಕು ಕಲ್ಲು ಉರುಳಿಸಿದ. ಇನ್ನೊಂದು ಉರುಳಿದ್ರೂ ಆ ಮೂಲೆ ಮುಚ್ಚಿ ಅಂದಿದಾರೆ ಚರ್ಚಿನೋರು."

"ಉರುಳಿದಾಗ ಮುಚ್ಚುವೆಯಂತೆ, ಈಗ ದಾರಿ ಬಿಡು."

ಬಂಡಿಯನ್ನು ಹಿಂದಕ್ಕೆ ತಗೊಳ್ಳುವವರಿಗೆ ಕರೆಯದೆ ಬುದ್ಧಿ ಹೇಳಬಾರದು ಎಂಬುದು ನಮ್ಮಲ್ಲಿನ ಕಟ್ಟಳೆ. ನೋಡಬಾರದೆಂದು ಎಲ್ಲೂ ಇಲ್ಲ. ಮಡಿಸುವ ಕುರ್ಚಿಗಳೆಲ್ಲ ಮೂಲೆಯತ್ತ ತಿರುಗಿದವು, ಟೀ ಲೋಟಗಳು ಬಂದವು.

ಮೂವತ್ತೊಂದು ವರ್ಷ ಇಲ್ಲಿ ಸ್ಟೀರಿಂಗ್ ಹಿಡಿದವನು ವಿಲ್ಫ್, ಹಿಂದೆ ನಿಂತು ಕೈ ಬೀಸಿದವಳು ಥರ್ಜಾ. ಈಗ ಅವಳು ಕಾರು ಹತ್ತಿ, ಹಿಂದಕ್ಕೆ ಬಿಡುತ್ತಾ ಸ್ಟೀರಿಂಗನ್ನು ಎಡಕ್ಕೆ ತಿರುವಿದಳು. ಬಂಡಿಯ ಬಾಲ ಬಲಕ್ಕೆ ಹೊರಳಿ ಗೋಡೆಯತ್ತ ಹೋಯಿತು. ಗೇಣಿನಷ್ಟು ಉಳಿದಾಗ ನಿಂತಿತು.

"ಅಜ್ಜ ಕಟ್ಟಿದ್ದನ್ನ ಮೊಮ್ಮಗಳೇ ಕೆಡವ್ತಾಳೆ," ಎಂದ ಪಕ್ಕದ ಡೇರೆಯ ಸೆಪ್ಟಿಮಸ್.

"ನೀನು ಮೊನ್ನೆ ನಲ್ಲಿ ಕಂಬ ಮಲಗಿಸ್ಲಿಲ್ವಾ? ಬಾಯಿ ಮುಚ್ಕೊಂಡು ಟೀ ಕುಡಿ," ಎಂದಳು ಅವನ ಹೆಂಡತಿ.

ಕ್ಲೆಮ್ ತಡೆಯಲಾರದೆ ಕಟ್ಟಳೆ ಮುರಿದ. "ಕೀಲಿ ಕೊಡಮ್ಮ, ಎರಡು ನಿಮಿಷದ ಕೆಲಸ."

ಥರ್ಜಾ ಇಳಿದು ಬಂಡಿಯ ಹಿಂದೆ ತಾನು ಸದಾ ನಿಲ್ಲುತ್ತಿದ್ದ ಕಡೆ ಹೋಗಿ ನಿಂತಳು. ಗೋಡೆ ನೋಡಿದಳು, ಗಾಲಿ ನೋಡಿದಳು, ಗಂಡನಿಗೆ ಬೀಸುತ್ತಿದ್ದಂತೆಯೇ ಬಲಗೈ ಬೀಸಿದಳು. ಆಮೇಲೆ ಮುಂದೆ ಬಂದು ಕೂತು, ಆ ಕೈ ಹೇಳಿದಷ್ಟೇ ತಿರುವಿ ಒಂದು ಮೊಳ ಸರಿಸಿದಳು. ಮತ್ತೆ ಇಳಿದಳು, ನಿಂತಳು, ಕೈ ಬೀಸಿದಳು, ಹತ್ತಿದಳು. ಹದಿನೇಳು ಸಲ ಎಣಿಸಿದೆವು. ನಗುತ್ತಿದ್ದವರು ಆರನೆಯದಕ್ಕೇ ಸುಮ್ಮನಾಗಿದ್ದರು. ಗಂಟೆಯ ಮೇಲಾಗುವಷ್ಟರಲ್ಲಿ ಬಂಡಿ ಒಂಬತ್ತರಲ್ಲಿ ನೆಟ್ಟಗೆ ಕೂತಿತ್ತು. ಗೋಡೆಯ ಪಾಚಿ ಕೂಡ ಕದಲಿರಲಿಲ್ಲ.

ಬಂಡಿ ಅಲುಗದಂತೆ ನಾಲ್ಕು ಮೂಲೆಯ ಊರುಗಾಲು ಇಳಿಸುವುದೊಂದು ಬಾಕಿಯಿತ್ತು. ಕ್ಲೆಮ್ ಅದನ್ನು ತಿರುಗಿಸುವ ಹಿಡಿಕೆ ಹಿಡಿದು ಮಂಡಿಯೂರಿದ.

ಥರ್ಜಾ ಹಿಡಿಕೆ ಕಿತ್ತುಕೊಂಡಳು. "ಏಳಪ್ಪಾ ಮೇಲೆ. ವಿಲ್ಫ್‌ಗೆ ಮಂಡಿ ಬಗ್ತಿರ್ಲಿಲ್ಲ, ಇದನ್ನ ಯಾವತ್ತೂ ನಾನೇ ಮಾಡ್ತಿದ್ದೆ. ನೀನು ಹೋಗು, ನಿನ್ನ ಟೀ ಆರ್ತಿದೆ."