ಬಸ್ಸು ಹತ್ತಿದ ಮಾಸು

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಹಾಗಾಗಿ ಮಗಳು ಗಂಡನ ಊರಾದ ಹೆಮ್ಮಿಗೆಯಿಂದ ನಂಜನಗೂಡಿನ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬುತ್ತಿದ್ದಾಗ ಒಂದು ಬೆಳಗ್ಗೆ, ಕೂಸು ಮಿಸುಕಾಡುತ್ತಿಲ್ಲ ಎಂದಳು. ಆಸ್ಪತ್ರೆಯಲ್ಲಿ ನೋಡಿದರೆ ಎದೆಬಡಿತ ನಿಂತಿತ್ತು. ಮರುದಿನ ಹೆರಿಗೆಯಾಯಿತು. ಗಂಡುಮಗು, ಕೈಕಾಲೆಲ್ಲ ತಿದ್ದಿ ಮಾಡಿದ ಹಾಗೆ. ಅಳು ಮಾತ್ರ ಇಲ್ಲ.

ಇವತ್ತು ಇದನ್ನು ಅಳದೆ ಹೇಳಬಲ್ಲೆ. ಯಾಕೆ ಎಂದು ಹೇಳುವುದಕ್ಕೇ ಕೂತಿದ್ದೇನೆ.

ಆ ಬಸುರಿನಲ್ಲಿ, ಮಗಳು ಹೆಮ್ಮಿಗೆಯಲ್ಲಿದ್ದಾಗ, ಒಂದು ಗ್ರಹಣ ಬಂದಿತ್ತು. ಆ ಹೊತ್ತಿನಲ್ಲಿ ಬಸುರಿಯರು ಈಳಿಗೆಮಣೆ ಮುಟ್ಟಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಮಗಳು ಮರೆತು ದಂಟಿನಸೊಪ್ಪು ಹೆಚ್ಚಿಬಿಟ್ಟಿದ್ದಳು. ಹೆಮ್ಮಿಗೆಯಿಂದ ಓಡಿಬಂದ ಬೀಗಿತ್ತಿ ಕೆಟ್ಟ ಹೆಂಗಸಲ್ಲ. ದುಃಖದಲ್ಲಿ ಒಂದೇ ಮಾತು ಆಡಿದರು, ಅವತ್ತೇ ಬೇಡ ಅಂದಿದ್ದೆ ಎಂದು. ಮಗಳು ಗೋಡೆಯ ಕಡೆ ಹೊರಳಿದಳು.

ಡಾಕ್ಟರಮ್ಮ ಬಂದು, ಕಾರಣ ತಿಳಿಯಬೇಕಾದರೆ ಮಗುವನ್ನು ಮೈಸೂರಿಗೆ ಕಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು ಎಂದರು. ಆಮೇಲೆ ಹೊಲಿದು, ಬಟ್ಟೆ ಸುತ್ತಿ, ಎತ್ತಿಕೊಳ್ಳುವ ಹಾಗೆಯೇ ಕೊಡುತ್ತಾರಂತೆ.

"ಆಲ್ಗೂಸು ಕಣಕ್ಕ," ಎಂದು ಬೀಗಿತ್ತಿ ನನ್ನ ಕೈ ಹಿಡಿದರು. "ಅದ್ನ ಕುಯ್ಸಾಕೆ ಮನ್ಸು ಬತ್ತದಾ?"

ನನಗೂ ಬರಲಿಲ್ಲ. ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಗಳು ಗೋಡೆಯ ಕಡೆಯಿಂದಲೇ ಮಾತಾಡಿದಳು. "ನೋಡ್ಲಿ ಬುಡವ್ವ. ನನ್ನಿಂದ್ಲೇ ಓಯ್ತಾ ಅಂತ ನಂಗೆ ಗೊತ್ತಾಗ್ಬೇಕು."

ಹೆತ್ತವಳೇ ಹಾಗೆಂದ ಮೇಲೆ ನಮ್ಮದೇನಿದೆ? ಒಪ್ಪಿದೆವು. ಆಗ ಡಾಕ್ಟರಮ್ಮ, ಮಗುವಿನ ಹಿಂದೆ ಬಿದ್ದ ಮಾಸೂ ಜೊತೆಗೆ ಹೋಗಬೇಕು, ಮುಖ್ಯವಾಗಿ ನೋಡುವುದೇ ಅದನ್ನು ಎಂದರು. ಮಾಸು ಎಲ್ಲಿ? ಬೀಗಿತ್ತಿ ಸೆರಗು ತಿರುಚತೊಡಗಿದರು. ತಮ್ಮ ವಂಶದ ಮಾಸು ತಮ್ಮ ಹಿತ್ತಲಿನ ಮಣ್ಣಿಗೇ ಸೇರಬೇಕೆಂದು ಆಯಾಳನ್ನು ಕೇಳಿ ಈಸಿಕೊಂಡು, ಹೊಸ ಕುಡಿಕೆಗೆ ಹಾಕಿ, ಅರಿಶಿನ ಉದುರಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮಗನ ಕೈಗೆ ಕೊಟ್ಟು ಬಸ್ಸು ಹತ್ತಿಸಿಬಿಟ್ಟಿದ್ದರು!

ಫೋನು ಮಾಡಿದಾಗ ಅಳಿಯ ತಿರುಮಕೂಡಲು ನರಸೀಪುರದ ಹತ್ತಿರವಿದ್ದ. ಅಲ್ಲೇ ಇಳಿದು ವಾಪಸು ಬಸ್ಸು ಹಿಡಿದ. ಕುಡಿಕೆಯನ್ನು ಸೀಟಿನ ಕೆಳಗಿಡು ಎಂದು ಕಂಡಕ್ಟರ್ ಗದರಿಸಿದರೂ ಕೇಳದೆ, ನಂಜನಗೂಡಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದ.

ಡಾಕ್ಟರಮ್ಮ ಬಟ್ಟೆ ಬಿಚ್ಚಿ, ಅರಿಶಿನ ಹಾಕಿದ್ದು ಯಾರು ಎಂದರು.

"ನಾನೇ ಕಣವ್ವ," ಎಂದರು ಬೀಗಿತ್ತಿ. "ಅರಿಸ್ನ ಅಷ್ಟೇಯ, ಉಪ್ಪಾಕಿಲ್ಲ."

ಡಾಕ್ಟರಮ್ಮನ ತುಟಿಯಂಚಿನಲ್ಲಿ ನಗು ಬಂತು. ಆ ಕೋಣೆಯಲ್ಲಿ ಅದೇ ಮೊದಲ ನಗು.

ಡಾಕ್ಟರಮ್ಮ ಹೇಳಿದ ಹಾಗೆಯೇ ಮೈಸೂರಿನಿಂದ ಮಗು ಬಂತು, ಮಡಿಲಿಗೆ ಕೊಡುವಂತೆ. ಮಗಳು ಎತ್ತಿಕೊಂಡು ಮುಖ ನೋಡಿದಳು. ಕಪಿಲೆಯ ಈಚೆ ದಡದಲ್ಲಿ ಮಣ್ಣು ಮಾಡಿದೆವು.

ಫಲಿತಾಂಶ ಬರಲು ವಾರಗಳೇ ಹಿಡಿದವು. ಡಾಕ್ಟರಮ್ಮನ ಬಾಯಿಂದ ಕೇಳಲು ಬೀಗಿತ್ತಿಯೂ ಬಂದಿದ್ದರು. ಮಗುವಿನ ಅಂಗಾಂಗಗಳಲ್ಲಿ ಯಾವ ಊನವೂ ಇರಲಿಲ್ಲ. ಮಾಸಿನಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ, ಕೂಸಿಗೆ ಹೋಗಬೇಕಾದ ಅನ್ನದ ದಾರಿಯೇ ಮುಚ್ಚಿತ್ತಂತೆ. ಆಮೇಲೆ ಮಗಳ ರಕ್ತ ಪರೀಕ್ಷಿಸಿದಾಗ, ಅದು ಬೇಗ ಹೆಪ್ಪುಗಟ್ಟುವ ಗುಣದ್ದು ಎಂದೂ ತಿಳಿಯಿತು.

"ಗ್ರಾಣದ ದಿನ ಸೊಪ್ಪು ಕುಯ್ದಿದ್ದೆ ಮೇಡಂ," ಎಂದಳು ಮಗಳು, ನೆಲ ನೋಡುತ್ತ.

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ನೀನು ಮಾಡಿದ್ದು ಯಾವುದರಿಂದಲೂ ಹೀಗಾಗಿಲ್ಲ."

ಮಗಳು ಅತ್ತೆಯ ಕಡೆ ನೋಡಿದಳು. ಬೀಗಿತ್ತಿ ಡಾಕ್ಟರಮ್ಮನ ಕಡೆ ತಿರುಗಿ, "ಅಂಗಾರೆ ಮುಂದ್ಕೆ ಏನ್ ಮದ್ದು ಕೊಡ್ತೀರವ್ವ?" ಎಂದು ಕೇಳಿದರು.

ಮುಂದಿನ ಬಸುರಿನಲ್ಲಿ ಮಾತ್ರೆ, ದಿನಾ ಹೊಟ್ಟೆಗೆ ಸೂಜಿ. ಸೂಜಿಯ ಹೊತ್ತು ಒಂದು ದಿನವೂ ತಪ್ಪದಂತೆ ನೋಡಿಕೊಂಡವರು ಅದೇ ಬೀಗಿತ್ತಿ. ಹೆಣ್ಣುಮಗು ಹುಟ್ಟಿತು, ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತುಕೊಂಡು.

ನಿನ್ನೆ ಬೀಗಿತ್ತಿಯ ಫೋನು ಬಂದಿತ್ತು. "ನಿಮ್ ಮಗ್ಳು ನನ್ ಮಾತೇ ಕೇಳಾಕಿಲ್ಲ ಕಣಕ್ಕ. ಕೂಸಿನ ಕಿವಿಗೆ ಎಣ್ಣೆ ಬುಡಾಕೋದ್ರೆ ನನ್ನೇ ಗದರ್ತಾಳೆ."

ಹಿಂದಿನಿಂದ ಮಗಳ ದನಿ ಜೋರಾಗಿ ಕೇಳುತ್ತಿತ್ತು. ತಿದ್ದುತ್ತೀನಿ ಬಿಡಿ ಎಂದೆ. ತಿದ್ದುವ ಮನಸ್ಸೇನೂ ಇರಲಿಲ್ಲ.