ಲಾದಿಯ ಮುಂದೆ ಬರಿಗಾಲು

ಬೆಳಗಿನ ಐದಕ್ಕೇ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಲಾರಿಗಳ ಹಾರ್ನು ಶುರುವಾಗಿದೆ. ಹಿಂದಿನ ಗಲ್ಲಿಯ ಬರ್ಫದ ಕಾರ್ಖಾನೆಯಲ್ಲಿ ಎದೆಮಟ್ಟದ ಮಂಜುಗಡ್ಡೆಯೊಂದು, ಇಲ್ಲಿಯವರ ಬಾಯಲ್ಲಿ ‘ಲಾದಿ’, ಡಬ್ಬಿಯಿಂದ ಕಳಚಿ ನೆಲಕ್ಕೆ ಜಾರುತ್ತದೆ. ಜಟ್ಟೆಪ್ಪ ಅದಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಬಾಗಿಲ ಕಡೆ ದೂಡುತ್ತಾರೆ. ಲಾದಿಗೆ ಮುಖಮಾಡಿ, ಹಿಂದಕ್ಕೆ ಹೆಜ್ಜೆಯಿಡುತ್ತ, ಕಡ್ಡಿ ಬಾರಿಗೆಯಿಂದ ಒದ್ದೆ ನೆಲವನ್ನು ಸರಸರ ಗುಡಿಸುತ್ತ ಬರುವವರು ಅವರ ಹೆಂಡತಿ ತಿಪ್ಪವ್ವ. ಜಟ್ಟೆಪ್ಪನವರ ಕಾಲಲ್ಲಿ ಮೊಣಕಾಲಿನವರೆಗೆ ರಬ್ಬರ್ ಬೂಟು. ತಿಪ್ಪವ್ವನವರದು ಬರಿಗಾಲು.

ಗುಡಿಸುವುದು ಸ್ವಚ್ಛತೆಗಲ್ಲ. ನೆಲದ ಮೇಲೆ ಒಂದು ಹರಳು, ಒಂದಿಷ್ಟು ಮರದ ಹೊಟ್ಟು ಇದ್ದರೂ ಲಾದಿ ತಡೆದು ನಿಲ್ಲುತ್ತದೆ, ಇಲ್ಲವೇ ಪಕ್ಕಕ್ಕೆ ಹೊರಳಿ ಮೂಲೆ ಮುರಿದುಕೊಳ್ಳುತ್ತದೆ. ಮೂಲೆ ಹೋದದ್ದನ್ನು ಮೀನಿನವರೂ ಒಯ್ಯುವುದಿಲ್ಲ, ಕಬ್ಬಿನ ಹಾಲಿನವರೂ ಒಯ್ಯುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಇನ್ನೂರರ ಹತ್ತಿರ ಲಾದಿ ಹೊರಬೀಳುತ್ತವೆ. ಸರಾಗ ಹೋದರೆ ಶಹಬಾಸ್ ಕೊಕ್ಕೆಯವನಿಗೆ, ಮುರಿದರೆ ಬೈಗುಳ ಬಾರಿಗೆಯವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಫಜಲಪುರದ ಕಡೆಯಿಂದ ಗಂಡನ ಜತೆ ಪುಣೆಗೆ ಬಂದ ತಿಪ್ಪವ್ವ ಮೊದಲು ಹೊತ್ತದ್ದು ಕಟ್ಟಡದ ಇಟ್ಟಿಗೆ. ಬರ್ಫದ ಕೆಲಸ ಸಿಕ್ಕಾಗ ನೆರಳಾದರೂ ಸಿಕ್ಕಿತೆಂದು ಖುಷಿಪಟ್ಟಿದ್ದರು. ಆದರೆ ಡಬ್ಬಿಗಳ ಸುತ್ತ ಇರುವುದು ಒಳಗಿನ ನೀರನ್ನು ಹೆಪ್ಪುಗಟ್ಟಿಸುವ ತಣ್ಣನೆಯ ಉಪ್ಪುನೀರು, ಅದು ಸೋರಿ ನೆಲಕ್ಕೆ ಬರುತ್ತದೆ. ಅವರ ಹಿಮ್ಮಡಿಗಳು ಬಿರಿದು ಸೀಳಾಗಿವೆ. “ರಾತ್ರಿ ಎಣ್ಣಿ ಹಚ್ಚತೀನ್ರಿ. ಮುಂಜಾನೆ ಮತ್ತ ಉಪ್ಪು ಹಿಡೀತದ,” ಎನ್ನುತ್ತಾರೆ, ಯಾರದೋ ಕಾಲಿನ ಮಾತೆಂಬಂತೆ. ಗಂಡನ ಬೂಟನ್ನೊಮ್ಮೆ ಹಾಕಿ ನೋಡಿದ್ದುಂಟು. “ಅದರಾಗ ನನ್ನಂಥಾಕಿ ಇನ್ನೊಬ್ಬಾಕಿ ಹಿಡೀತಾಳ. ಹಿಂದ ಹಿಂದ ನಡೆಯಾಕ ಹೋಗಿ ಬಿದ್ದೆ.”

ಇಂಥವರಿಗೂ ಹಿಮದ ನಾಡುಗಳ ಚಳಿಗಾಲದ ಒಲಿಂಪಿಕ್ಸಿಗೂ ಏನು ನಂಟು? ತೊಂಬತ್ತೆಂಟರಲ್ಲಿ, ಜಪಾನಿನಲ್ಲಿ ಆ ಕೂಟ ನಡೆದಾಗ, ಕಾರ್ಖಾನೆಯ ಎದುರಿನ ಚಹಾದಂಗಡಿಯ ಟಿವಿಯಲ್ಲಿ ತಿಪ್ಪವ್ವ ಒಂದು ನೋಟ ಕಂಡರು. ಬರ್ಫದ ನೆಲ. ಅದರ ಮೇಲೆ ಜಾರಿ ಬರುವ ದುಂಡು ಕಲ್ಲು. ಕಲ್ಲಿನ ಮುಂದೆ ಬಾರಿಗೆ ಹಿಡಿದು ಜೀವ ಬಿಟ್ಟು ಗುಡಿಸುವ ಇಬ್ಬರು ಹೆಂಗಸರು. ಕಲ್ಲು ದೂಡಿದವಳೊಬ್ಬಳು, ಆಚೆ ತುದಿಯಲ್ಲಿ ನಿಂತು ಒದರುವವಳೊಬ್ಬಳು. ಕರ್ಲಿಂಗ್ ಎಂಬ ಆಟ ಅದು.

“ಚಾದ ಕಪ್ಪು ಕೈಯಾಗೇ ಉಳೀತ್ರಿ. ಇದು ನನ್ನ ಕೆಲಸ ಅಲ್ಲೇನು ಅಂದೆ. ಕಲ್ಲು ದೂಡೋಕಿ ಕೊಕ್ಕಿಯಾಕಿ, ಒದರಾಕಿ ಕೆಲಸಾ ಮಾಡಸೋ ಮುಕಾದಮ್, ಗುಡಿಸೋರು ನನ್ನಂಗ ಪಗಾರದವರು ಅಂತ ತಿಳಕೊಂಡೆ. ಅವರ ಕಾಲು ನೋಡಿದೆ. ಎಲ್ಲಾರಿಗೂ ಬೂಟು.”

ಕಲ್ಲು ಎಲ್ಲಿ ನಿಂತಿತೋ ತಿಪ್ಪವ್ವ ನೋಡಲಿಲ್ಲ. ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂತು, ಸಾಬೂನು ಹೋದ ಮೇಲೆ ಹಳೆಯ ಕ್ರಿಕೆಟ್ ಬಂತು. ಎರಡು ಸಾವಿರದ ಎರಡರಲ್ಲಿ, ಅಮೆರಿಕದ ಕೂಟದಲ್ಲೂ ಇದೇ ಹಾಡು. ಪತ್ರಿಕೆಗೆ ಬರೆಯಲು ಬಂದ ನನಗೆ ಸಿಟ್ಟು ಬರುವುದು ಇಲ್ಲಿ. ಆಟಕ್ಕೆಂದೇ ಹುಟ್ಟಿದ ವಾಹಿನಿ, ಇಡೀ ಜಗತ್ತು ನೋಡುವ ಕೂಟದ ಹಕ್ಕನ್ನು ಕೊಂಡು ಮಡಿಲಲ್ಲಿಟ್ಟುಕೊಂಡು, ಎಂದೋ ಔಟಾದವನು ಇನ್ನೊಮ್ಮೆ ಔಟಾಗುವುದನ್ನು ತೋರಿಸುತ್ತದೆ. ತಾನೂ ತಿನ್ನದು, ಪರರಿಗೂ ಕೊಡದು. ಕೇಳಿದರೆ, ನಮ್ಮ ಜನಕ್ಕೆ ಹಿಮದ ಆಟ ಬೇಡವಂತೆ. ಯಾವ ಜನವನ್ನು ಕೇಳಿದರು ಇವರು?

ಕಾರ್ಖಾನೆಯ ಮಾಲೀಕ ನಿಜಲಿಂಗಪ್ಪ ವಿಜಾಪುರದ ಕಡೆಯವರು, ಮಾತಿನಲ್ಲಿ ಮೃದು. ಈ ವರ್ಷ, ಎರಡು ಸಾವಿರದ ಆರರ ಜನವರಿಯಲ್ಲಿ, ತಿಪ್ಪವ್ವ ಅವರೆದುರು ನಿಂತು ಬಾರಿಗೆಯವರಿಗೂ ಬೂಟು ಬೇಕೆಂದರು. ಟಿವಿಯಲ್ಲಿ ಗುಡಿಸುವವರೂ ಬೂಟು ಹಾಕಿರುತ್ತಾರೆ ಎಂದೂ ಹೇಳಿದರು. ಸಾಹುಕಾರರು ನಕ್ಕರು. “ಬರ್ಫದ ಮ್ಯಾಲೆ ಬಾರಿಗಿ ಆಡಸೋ ಆಟ ಎಲ್ಲಿ ಇರ್ತದವ್ವ? ನನಗ ತೋರ್ಸು. ಖರೇ ಇದ್ದರ ಅವತ್ತೇ ಬೂಟು ತರಸ್ತೀನಿ.”

ಫೆಬ್ರುವರಿಯಲ್ಲಿ ಇಟಲಿಯ ಕೂಟ ಬಂತು. ಹೆಂಗಸರ ಕರ್ಲಿಂಗ್ ಫೈನಲ್ಲಿನ ಮರುಪ್ರಸಾರ ಮಧ್ಯಾಹ್ನಕ್ಕಿದೆ ಎಂದು ವಾಹಿನಿಯೇ ಸಾರಿತ್ತು. ಊಟದ ಬಿಡುವಿನಲ್ಲಿ ಸಾಹುಕಾರರ ಆಫೀಸಿನ ಟಿವಿ ಮುಂದೆ ಸಾಹುಕಾರರು ಕುರ್ಚಿಯಲ್ಲಿ, ಗಂಡ ಹೆಂಡತಿ ಬಾಗಿಲಲ್ಲಿ. ಹಿಮದ ಗುಡ್ಡಗಳು ಕಂಡವು, ಹೆಸರುಗಳು ಬಂದವು. ಒಬ್ಬಾಕೆ ಕಲ್ಲಿನ ಹಿಡಿಕೆ ಒರೆಸಿ ಬಗ್ಗಿದಳು. ಅಲ್ಲಿಗೆ ಮೊಬೈಲ್ ಫೋನಿನ ಜಾಹೀರಾತು. ಅದು ಮುಗಿದಾಗ ಪರದೆಯ ಮೇಲೆ ಹಸಿರು ಮೈದಾನ, ಅದೆಷ್ಟೋ ವರ್ಷದ ಹಿಂದಿನ ಕ್ರಿಕೆಟ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. “ಬಾರಿಗಿ ಎಲ್ಲಿ ಅದವ್ವ?” ಎಂದು ಸಾಹುಕಾರರು ಎದ್ದು ಕೈತೊಳೆಯಲು ಹೋದರು.

“ನಾನು ಸುಳ್ಳಿ ಆದೆನ್ರಿ,” ಎನ್ನುವಾಗ ಮಾತ್ರ ತಿಪ್ಪವ್ವ ಬಾರಿಗೆ ಆಡಿಸುವುದನ್ನು ನಿಲ್ಲಿಸುತ್ತಾರೆ. “ಬೂಟು ಕೊಡಲಿಲ್ಲ, ಹೋಗ್ಲಿ. ಎಂಟು ವರ್ಷ ಮನಸಿನಾಗ ಇಟಗೊಂಡಿದ್ದು ಸುಳ್ಳಾತು.”

ಸುಳ್ಳಲ್ಲವೆಂದು ನಾನು ಹೇಳುತ್ತೇನೆ. ಆ ಆಟದಲ್ಲಿ ಈಗ ಗುಡಿಸಿದವಳೇ ಮುಂದಿನ ಸರದಿಯಲ್ಲಿ ಕಲ್ಲು ದೂಡುತ್ತಾಳೆ, ಗೆದ್ದರೆ ಪದಕ ಎಲ್ಲರ ಕೊರಳಿಗೂ ಬೀಳುತ್ತದೆ. ಒಂದು ಸುತ್ತನ್ನಾದರೂ ಪೂರ್ತಿ ತೋರಿಸಿದ್ದರೆ ತಿಪ್ಪವ್ವನವರಿಗೆ ಇದು ಯಾರೂ ಹೇಳದೆ ತಿಳಿಯುತ್ತಿತ್ತು. ಅವರು ಗಂಡನ ಕಡೆ ತಿರುಗುತ್ತಾರೆ. “ಕೇಳಿದಿ? ನಾಳಿಂದ ನೀ ಬಾರಿಗಿ ಹಿಡಿ, ನಾ ಕೊಕ್ಕಿ ಹಿಡೀತೀನಿ.” ಜಟ್ಟೆಪ್ಪ ಬೂಟಿನ ಕಾಲು ಹಿಂದಕ್ಕೆಳೆದುಕೊಂಡು ನಗುತ್ತಾರೆ.

ಬಿಸಿಲೇರುವ ಮೊದಲು ನಮ್ಮ ಛಾಯಾಗ್ರಾಹಕರು ಚಿತ್ರಕ್ಕೆ ಸಜ್ಜಾಗುತ್ತಾರೆ. ಮೊದಲು ಕ್ಯಾಮರಾ ಹೊರಳುವುದು ಹೊಳೆಯುವ ಲಾದಿಯ ಕಡೆ, ಕೊಕ್ಕೆ ಹಿಡಿದ ಜಟ್ಟೆಪ್ಪನವರ ಕಡೆ. “ಅಮ್ಮಾ, ಸ್ವಲ್ಪ ಸರೀರಿ,” ಎನ್ನುತ್ತಾರೆ. ವಾಹಿನಿಯವರನ್ನು ಬೈಯುತ್ತಿದ್ದ ನನಗೆ ನಮ್ಮ ಕ್ಯಾಮರಾ ಮಾಡಿದ್ದು ಅದಕ್ಕಿಂತ ಬೇರೆಯೇನಲ್ಲ ಎಂದು ನಾಚಿಕೆಯಾಗಿ, ತಿಪ್ಪವ್ವನವರನ್ನೇ ನಡುವೆ ನಿಲ್ಲಿಸಲು ಹೇಳುತ್ತೇನೆ. ಛಾಯಾಗ್ರಾಹಕರು ಈಗ ಹತ್ತಿರ ಹೋಗಿ ಅವರ ಮುಖಕ್ಕೆ ಗುರಿಯಿಡುತ್ತಾರೆ.

ತಿಪ್ಪವ್ವ ಕೈ ಅಡ್ಡ ಹಿಡಿಯುತ್ತಾರೆ. ಬಾರಿಗೆಯನ್ನು ಪಕ್ಕಕ್ಕಿಟ್ಟು, ಸೀರೆಯ ನಿರಿಗೆಯನ್ನು ತುಸು ಮೇಲೆತ್ತಿ ಸಿಕ್ಕಿಸಿ, ಗಂಡನ ಬೂಟಿನ ಪಕ್ಕಕ್ಕೆ ತಮ್ಮ ಪಾದ ತಂದಿಡುತ್ತಾರೆ.

“ಮಾರಿ ಬರದಿದ್ರೂ ನಡೀತದ್ರಿ. ಕಾಲು ಬರ್ಲಿ. ನಮ್ಮ ಸಾವ್ಕಾರ್ರು ಟಿವಿ ನಂಬೂದಿಲ್ಲ, ನಿಮ್ಮ ಪೇಪರ್ ದಿನಾ ಓದ್ತಾರ.”