ನೀನು ಹೇಳಿದ್ದೆ, ಚೈತ್ರಾ

ಚೈತ್ರಾ, ನೀನು ನನಗೆ ಹೇಳಿದ್ದೆ. ಹೇಳಲೇ ಇಲ್ಲವೆಂದು ಆಸ್ಪತ್ರೆಯಲ್ಲಿ ನಿಮ್ಮಪ್ಪನ ಎದುರು ನಾನು ಸುಳ್ಳಾಡಿದೆ. ನಾಲ್ಕು ವರ್ಷವಾಯಿತು — ಇನ್ನೂ ಆ ಸುಳ್ಳಿನ ಮರೆಯಲ್ಲೇ ಮರ್ಯಾದಸ್ಥೆಯ ಹಾಗೆ ಓಡಾಡಿಕೊಂಡಿದ್ದೇನೆ.

ನಾಗರಬಾವಿಯ ಮೈದಾನದಲ್ಲಿ ಪೊಲೀಸ್ ಎಸ್‌ಐ ಹುದ್ದೆಯ ದೈಹಿಕ ಪರೀಕ್ಷೆಗೆಂದು ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದವಳು ನಾನು. ಅತಿಯಾಗಿ ಓಡಿದರೆ ಮೈಯೊಳಗೆ ವಿಷದಂಥದ್ದೇನೋ ಹುಟ್ಟುತ್ತದೆ, ಆಂಟಿಆಕ್ಸಿಡೆಂಟ್ ಮಾತ್ರೆ ಅದನ್ನು ತೊಳೆದುಹಾಕುತ್ತದೆ ಎಂದು ಎಲ್ಲೋ ಅರ್ಧಂಬರ್ಧ ಓದಿಕೊಂಡು, ದೊಡ್ಡ ಪಂಡಿತೆಯ ಹಾಗೆ ನಿಮಗೆಲ್ಲ ಬೋಧಿಸಿದೆ. ದಿನಕ್ಕೆ ಮೂರು ಮಾತ್ರೆ. ಭಾನುವಾರದ ವಿಶ್ರಾಂತಿ ರದ್ದು. ಮಾತ್ರೆ ಇದೆಯಲ್ಲ, ಇನ್ನೇನು ಭಯ — ಎಂಥ ಅಹಂಕಾರ ನನ್ನದು!

ಏಪ್ರಿಲ್ ಬಿಸಿಲಲ್ಲಿ ಮುನ್ನೂರು ಬಸ್ಕಿ ಹೊಡೆಸಿದ ಮಾರನೆಯ ದಿನ ನೀನು ಊದಿದ ತೊಡೆ ಹಿಡಿದುಕೊಂಡು ಕುಂಟುತ್ತ ಬಂದೆ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ, "ಅಕ್ಕಾ, ಯೂರಿನ್ ಡಿಕಾಕ್ಷನ್ ಥರ ಹೋಗ್ತಿದೆ. ಭಯ ಆಗ್ತಿದೆ."

"ಮಾತ್ರೆ ಬಣ್ಣ ಕಣೇ ಅದು. ಇನ್ನೆರಡು ರೌಂಡ್ ಓಡು, ಸರಿಹೋಗತ್ತೆ" ಎಂದೆ ನಾನು.

ನೀನು ಓಡಿದೆ. ನನ್ನ ಮಾತು ನಂಬಿ ಓಡಿದೆಯಲ್ಲ, ತಾಯಿ...

ಸ್ನಾಯು ಒಡೆದು ರಕ್ತಕ್ಕೆ ಸೇರಿದೆ, ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ದಣಿದ ಮೈಗೆ ಬೇಕಿದ್ದದ್ದು ಬಿಡುವು, ಅದರ ಬದಲಿಗೆ ಯಾವ ಮಾತ್ರೆಯೂ ಇಲ್ಲ ಎಂದರು. ನಿಮ್ಮಪ್ಪ ನಿನ್ನ ಮಂಚದ ಪಕ್ಕ ನಿಂತು ಅಳುತ್ತಿದ್ದರು. "ನನಗೆ ಹೇಳೋಕೆ ನಾಚಿಕೆ, ಸರಿ. ಅಕ್ಕನ ಹತ್ರ ಆದ್ರೂ ಬಾಯಿ ಬಿಡ್ಬಾರ್ದಿತ್ತೇನೇ?" ನೀನು ನನ್ನತ್ತ ನೋಡಿದೆ. ನಾನು ನಿನ್ನ ತಲೆ ಸವರುತ್ತ — ಆ ಕೈಗೆ ಲಕ್ವ ಹೊಡೆಯಬಾರದಿತ್ತೇ — "ಹೌದು ಕಣೇ, ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದೆ.

ನೀನು ತುಟಿ ಬಿಚ್ಚಲಿಲ್ಲ. ಡಯಾಲಿಸಿಸ್‌ನ ಆ ವಾರಗಳಲ್ಲೂ, ಪರೀಕ್ಷೆ ಕೈತಪ್ಪಿ ವಯಸ್ಸು ಮೀರಿದಾಗಲೂ... ನನ್ನ ಹೊಟ್ಟೆಪಾಡು ಹೋದೀತೆಂದು ಸುಮ್ಮನಿದ್ದೆಯಾ? ಕೇಳುವ ಮುಖ ನನಗಿಲ್ಲ.

ನಿನ್ನೆ ನಿಮ್ಮಪ್ಪ ಫೋನ್ ಮಾಡಿದ್ದರು. ತುಮಕೂರಿನಲ್ಲಿ ನಿನಗೆ ಕೆಲಸ ಸಿಕ್ಕಿದೆಯಂತೆ, ಅವರು ಕಳಿಸುವುದಿಲ್ಲವಂತೆ. "ಕಾಯಿಲೆ ಮುಚ್ಚಿಡೋಳನ್ನ ಒಬ್ಬಳೇ ಹೆಂಗೆ ಬಿಡ್ಲಮ್ಮಾ? ನೀವೇ ಬಂದು ಬುದ್ಧಿ ಹೇಳಿ." ನನ್ನ ಸುಳ್ಳು ನಿನ್ನನ್ನು ಇವತ್ತಿಗೂ ಶ್ರೀಗಂಧದ ಕಾವಲ್‌ನ ನಿಮ್ಮಪ್ಪನ ಮನೆಯಲ್ಲೇ ಕಟ್ಟಿಹಾಕಿದೆ.

ಸಂಜೆ ಬರುತ್ತೇನೆ. ಎಲ್ಲವನ್ನೂ ಅವರಿಗೆ ಹೇಳುತ್ತೇನೆ. ಕ್ಷಮಿಸು ಅನ್ನುವ ಯೋಗ್ಯತೆ ನನಗಿಲ್ಲ, ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ — ನಾನು ಬಾಯಿ ತೆರೆದಾಗ, ಈ ಸಲ ನನ್ನನ್ನು ಉಳಿಸಬೇಡ.